ದ್ವೀಪದಲ್ಲಿ ಬೇಬ್ ರೂತ್, ಬೀದಿ ಹೆಸರಲ್ಲಿ ಸ್ಟೇಡಿಯಂ

ಟೊರಾಂಟೊ ಪೇಟೆಯ ದಕ್ಷಿಣದ ಅಂಚಿನಲ್ಲಿ, ಬ್ಯಾಥರ್ಸ್ಟ್ ಬೀದಿ ಸರೋವರ ಮುಟ್ಟುವ ಜಾಗದ ಪಕ್ಕದಲ್ಲೇ, ಸ್ಟೇಡಿಯಂ ರೋಡ್ ಎಂಬ ಪುಟ್ಟ ರಸ್ತೆಯೊಂದಿದೆ. ಅಲ್ಲಿ ಮನೆಗಳಿವೆ, ಹಾಯಿದೋಣಿಗಳ ಕ್ಲಬ್ಬಿದೆ, ಅದರಾಚೆ ನೀರೇ ನೀರು. ಸ್ಟೇಡಿಯಂ ಎಲ್ಲಿ? ಇಲ್ಲವೇ ಇಲ್ಲ! ಊರಿನ ಇನ್ನೊಂದು ಕಡೆ, ಡಾನ್ ನದಿಯ ಹತ್ತಿರ, ಸನ್‌ಲೈಟ್ ಪಾರ್ಕ್ ರೋಡ್ ಅಂತ ಮತ್ತೊಂದು ರಸ್ತೆ. ಅಲ್ಲಿ ಆ ಹೆಸರಿನ ಪಾರ್ಕೂ ಇಲ್ಲ. ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆಯಿಂದ ಗಾರ್ಡಿನರ್ ಎಕ್ಸ್‌ಪ್ರೆಸ್‌ವೇ ಮೇಲೆ ಪೇಟೆಗೆ ಕಾರು ಓಡಿಸುವ ನಮ್ಮ ಕನ್ನಡಿಗರು ಸ್ಟೇಡಿಯಂ ರೋಡಿನ ಪಕ್ಕದಲ್ಲೇ ದಾಟಿಕೊಂಡು ಹೋಗುತ್ತಲೇ ಇರುತ್ತಾರೆ. ಈ ಎರಡು ಹೆಸರುಗಳ ಬೆನ್ನು ಹತ್ತಿದರೆ ಎಂಥ ಕಥೆ ಬಿಚ್ಚಿಕೊಳ್ಳುತ್ತದೆ ಗೊತ್ತೇ? ನನಗಂತೂ ಅದನ್ನು ಓದುತ್ತ ಓದುತ್ತ ರಾತ್ರಿ ಹೋಗಿ ಬೆಳಗಾದದ್ದೇ ತಿಳಿಯಲಿಲ್ಲ.

ಟೊರಾಂಟೊ ಮೇಪಲ್ ಲೀಫ್ಸ್ ಎಂದರೆ ಎಲ್ಲರಿಗೂ ಹಾಕಿ ತಂಡವೇ ನೆನಪಾಗುತ್ತದೆ. ಆದರೆ ಹಾಕಿ ತಂಡಕ್ಕೆ ಆ ಹೆಸರು ಬಂದದ್ದು 1927ರ ಫೆಬ್ರವರಿಯಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಇದೇ ಊರಲ್ಲಿ, ಇದೇ ಹೆಸರಲ್ಲಿ, ಒಂದು ಬೇಸ್‌ಬಾಲ್ ತಂಡ ಆಡುತ್ತಿತ್ತು! 1896ರಿಂದ 1967ರವರೆಗೆ, ಎರಡು ಮಹಾಯುದ್ಧಗಳನ್ನೂ ಆರ್ಥಿಕ ಮಹಾಕುಸಿತವನ್ನೂ ದಾಟಿಕೊಂಡು, ಬೇಸಿಗೆ ಬೇಸಿಗೆಗೂ ಆಡಿತು. ಮೈನರ್ ಲೀಗ್ ತಂಡ ಅದು. ನಮ್ಮ ಕ್ರಿಕೆಟ್ ಲೆಕ್ಕದಲ್ಲಿ ಹೇಳುವುದಾದರೆ ಟೆಸ್ಟ್ ತಂಡಕ್ಕೆ ಒಂದೇ ಮೆಟ್ಟಿಲು ಕೆಳಗಿನ ಮಟ್ಟದ ಆಟ. ಇಲ್ಲಿ ಚೆನ್ನಾಗಿ ಆಡಿದವನನ್ನು ನ್ಯೂಯಾರ್ಕ್, ಬೋಸ್ಟನ್, ಡೆಟ್ರಾಯಿಟ್‌ನ ದೊಡ್ಡ ತಂಡಗಳು ಎತ್ತಿಕೊಂಡು ಹೋಗುತ್ತವೆ. ಸಸಿಮಡಿ ಇದ್ದಂತೆ, ಪೈರು ಚೆನ್ನಾಗಿ ಎದ್ದಿತು ಅನ್ನುವಷ್ಟರಲ್ಲಿ ಕಿತ್ತು ಬೇರೆ ಗದ್ದೆಗೆ ನಾಟಿ ಮಾಡುತ್ತಾರೆ.

ಇಂಥ ತಂಡದ ಇತಿಹಾಸ ಉಳಿಯುವುದು ಒಂದು ಒಣ ಪಟ್ಟಿಯಲ್ಲಿ. ಇಸವಿ, ಗೆದ್ದದ್ದೆಷ್ಟು, ಸೋತದ್ದೆಷ್ಟು, ಎಷ್ಟನೇ ಸ್ಥಾನ, ಮ್ಯಾನೇಜರ್ ಯಾರು, ಅಷ್ಟೇ. ಆ ಪಟ್ಟಿಯ ಒಂದೊಂದು ಸಾಲಿಗೂ ಬೆರಳಿಟ್ಟು ನೋಡುತ್ತ ಹೋದರೆ, ಅಬ್ಬಾ, ಅಮೆರಿಕದ ಬೇಸ್‌ಬಾಲಿನ ಅರ್ಧ ಪುರಾಣವೇ ಟೊರಾಂಟೊ ಮೂಲಕ ಹಾದುಹೋಗಿದೆ!

ಪಟ್ಟಿ ಶುರುವಾಗುವುದಕ್ಕೂ ಮೊದಲಿನ ಒಂದು ವರ್ಷದಿಂದಲೇ ಹೊರಡಬೇಕು: 1887. ಆಗಿನ ಟೊರಾಂಟೊ ತಂಡ ಇಂಟರ್‌ನ್ಯಾಷನಲ್ ಲೀಗಿನಲ್ಲಿತ್ತು. ಕ್ವೀನ್ ಬೀದಿಯ ಪಕ್ಕ, ಡಾನ್ ನದಿಗೆ ಹತ್ತಿರ, ಹಿಂದಿನ ವರ್ಷವಷ್ಟೇ ಮರದ ಗ್ಯಾಲರಿ ಕಟ್ಟಿದ್ದರು. ಹತ್ತಿರದ ಸಾಬೂನು ಕಾರ್ಖಾನೆಯಿಂದಾಗಿ ಮುಂದೆ ಅದು ಸನ್‌ಲೈಟ್ ಪಾರ್ಕ್ ಎಂದು ಹೆಸರಾಯಿತು. ಹೌದು, ನಮ್ಮ ಅಜ್ಜಿಯರು ಬಟ್ಟೆ ಒಗೆಯುತ್ತಿದ್ದ ಅದೇ ಸನ್‌ಲೈಟ್ ಸೋಪು! ಆ ತಂಡದ ಪಿಚರ್ ನೆಡ್ ಕ್ರೇನ್. ಚೆಂಡನ್ನು ಫಿರಂಗಿ ಗುಂಡಿನ ಹಾಗೆ ಎಸೆಯುತ್ತಿದ್ದನಂತೆ, ಅದಕ್ಕೇ 'ಕ್ಯಾನನ್‌ಬಾಲ್' ಎಂಬ ಅಡ್ಡಹೆಸರು. ಆ ವರ್ಷ 33 ಪಂದ್ಯ ಗೆಲ್ಲಿಸಿಕೊಟ್ಟ. ಸೆಪ್ಟೆಂಬರ್ 17ರಂದು ನೆವಾರ್ಕ್ ತಂಡದ ವಿರುದ್ಧ ಒಂದೇ ದಿನ ಎರಡು ಪಂದ್ಯ. ಎರಡರಲ್ಲೂ ಪಿಚರ್ ಅವನೇ! ಮೊದಲನೆಯದನ್ನು ಗೆದ್ದು, ಎರಡನೆಯದನ್ನೂ ಎಸೆದು, ಪಂದ್ಯ ಸಮವಾಗಿ ಹನ್ನೊಂದನೇ ಇನ್ನಿಂಗ್ಸಿಗೆ ಹೋದಾಗ ತಾನೇ ಬ್ಯಾಟು ಹಿಡಿದು ಹೋಮ್ ರನ್ ಬಾರಿಸಿ ಆಟ ಮುಗಿಸಿದ. ಒಬ್ಬ ಬೌಲರ್ ದಿನವಿಡೀ ಬೌಲಿಂಗ್ ಮಾಡಿ ಕೊನೆಗೆ ತಾನೇ ಸಿಕ್ಸರ್ ಎತ್ತಿ ಗೆಲ್ಲಿಸಿದರೆ ಚಿನ್ನಸ್ವಾಮಿ ಸ್ಟೇಡಿಯಂ ಹೇಗೆ ಹುಚ್ಚೆದ್ದು ಕುಣಿದೀತು, ಊಹಿಸಿಕೊಳ್ಳಿ. ಟೊರಾಂಟೊಗೆ ಅದೇ ಮೊದಲ ಲೀಗ್ ಪ್ರಶಸ್ತಿ.

ಕ್ರೇನ್ ಮುಂದೇನಾದ ಎಂದು ಹುಡುಕಿದಾಗ ನಾನು ಕೂತಲ್ಲೇ ಎದ್ದು ನಿಂತೆ. ಮರುವರ್ಷ ನ್ಯೂಯಾರ್ಕ್ ತಂಡ ಅವನನ್ನು ಎತ್ತಿಕೊಂಡಿತು. ಆ ಚಳಿಗಾಲದಲ್ಲಿ ಆಲ್ಬರ್ಟ್ ಸ್ಪಾಲ್ಡಿಂಗ್ ಎಂಬ ಕ್ರೀಡಾ ಸಾಮಗ್ರಿ ವ್ಯಾಪಾರಿ ಆಟಗಾರರನ್ನು ಹಡಗು ಹತ್ತಿಸಿ ಲೋಕ ಸುತ್ತಿಸಲು ಹೊರಟ. ಆಸ್ಟ್ರೇಲಿಯಾ ಮುಗಿಸಿ ಈಜಿಪ್ಟಿನ ಪಿರಮಿಡ್ಡುಗಳ ಕಡೆ ಹೋಗುವ ದಾರಿಯಲ್ಲಿ, 1889ರ ಜನವರಿಯಲ್ಲಿ, ಆ ಬಳಗ ಇಳಿದು ಆಡಿದ್ದು ಎಲ್ಲಿ? ಕೊಲಂಬೊದಲ್ಲಿ! ಟೊರಾಂಟೊದ 1887ರ ವೀರ ಆ ಬಳಗದಲ್ಲಿದ್ದ. ನಮ್ಮ ಕಡಲಿನ ಪಕ್ಕದಲ್ಲೇ, ನಮ್ಮವರು ಆ ಆಟದ ಹೆಸರನ್ನೂ ಕೇಳಿರದ ಕಾಲದಲ್ಲಿ.

ಅದೇ 1887ರ ಸಾಲಿಗೆ ಅಂಟಿಕೊಂಡ ಕಪ್ಪು ಚುಕ್ಕೆಯೊಂದನ್ನು ಮುಚ್ಚಿಡಲಾಗದು. ಆ ವರ್ಷ ಲೀಗಿನಲ್ಲಿ ಕೆಲವು ಕರಿಯ ಆಟಗಾರರಿದ್ದರು. ಟೊರಾಂಟೊದ ಎದುರಾಳಿ ನೆವಾರ್ಕ್ ತಂಡದಲ್ಲೇ ಜಾರ್ಜ್ ಸ್ಟೋವಿ ಎಂಬ ಅಸಾಧಾರಣ ಪಿಚರ್, ಫ್ಲೀಟ್ ವಾಕರ್ ಎಂಬ ಕ್ಯಾಚರ್. ಜುಲೈ 14ರಂದು ಲೀಗಿನ ಆಡಳಿತದವರು ಸಭೆ ಸೇರಿ, ಇನ್ನು ಮುಂದೆ ಕರಿಯರಿಗೆ ಹೊಸ ಒಪ್ಪಂದ ಕೊಡಬಾರದು ಎಂದು ತೀರ್ಮಾನಿಸಿಬಿಟ್ಟರು. ಬಾಗಿಲು ಮುಚ್ಚಿತು. ಆ ಬಾಗಿಲು ಮತ್ತೆ ತೆರೆದದ್ದು ಯಾವ ಲೀಗಿನಲ್ಲಿ ಗೊತ್ತೇ? ಇದೇ ಇಂಟರ್‌ನ್ಯಾಷನಲ್ ಲೀಗಿನಲ್ಲಿ! 1946ರಲ್ಲಿ ಜಾಕಿ ರಾಬಿನ್ಸನ್ ಮಾಂಟ್ರಿಯಲ್ ರಾಯಲ್ಸ್ ಅಂಗಿ ತೊಟ್ಟು ಕಣಕ್ಕಿಳಿದಾಗ. ಮಾಂಟ್ರಿಯಲ್ ಆಗ ಟೊರಾಂಟೊದ ಬದ್ಧ ಎದುರಾಳಿ. ಟೊರಾಂಟೊದ ಜನ ರಾಬಿನ್ಸನ್‌ನನ್ನು ತಮ್ಮೂರಿನ ಮೈದಾನದಲ್ಲೇ ಕಂಡರು.

ಹಿಂದಕ್ಕೆ ಬರೋಣ. 1897ರಲ್ಲಿ ತಂಡ ನೀರು ದಾಟಿತು. ಅಕ್ಷರಶಃ! ಟೊರಾಂಟೊದ ಎದುರಿಗೆ ಸರೋವರದಲ್ಲಿರುವ ದ್ವೀಪಗಳ ಪಶ್ಚಿಮ ತುದಿ, ಹ್ಯಾನ್ಲನ್ಸ್ ಪಾಯಿಂಟ್. ಪಂದ್ಯ ನೋಡಬೇಕೆಂದರೆ ಜನ ಫೆರಿ ಹತ್ತಬೇಕು. ಫೆರಿ ಕಂಪನಿ ನಡೆಸುತ್ತಿದ್ದವನು ಲಾಲ್ ಸಾಲ್ಮನ್, ತಂಡದ ಹಿಂದಿದ್ದವನೂ ಅವನೇ. ಹೋಗಿಬರುವ ದೋಣಿಯ ಕಾಸೂ ಅವನಿಗೆ, ಆಟದ ಟಿಕೆಟ್ಟಿನ ಕಾಸೂ ಅವನಿಗೆ. ಎಂಥ ಚಾಣಾಕ್ಷ! ದ್ವೀಪದಲ್ಲಿ ಬೇಸಿಗೆಯ ಗಾಳಿ, ತಿರುಗು ತೊಟ್ಟಿಲು, ಹೋಟೆಲು, ಬೇಸ್‌ಬಾಲು. ಮರದ ಸ್ಟೇಡಿಯಂ ಎರಡು ಸಲ ಸುಟ್ಟಿತು, 1903ರಲ್ಲಿ ಒಮ್ಮೆ, 1909ರಲ್ಲಿ ಇನ್ನೊಮ್ಮೆ. ಎರಡು ಸಲವೂ ಎದ್ದು ನಿಂತಿತು.

1902ರ ಸಾಲಿನಲ್ಲಿ ಮೊದಲ ಸ್ಥಾನ. ಮ್ಯಾನೇಜರ್ ಹೆಸರು ಎಡ್ ಬ್ಯಾರೋ. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. 1906ರಲ್ಲಿ ಇವನೇ ಮರಳಿ ಬಂದಾಗ ತಂಡ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಮನಸ್ಸು ಮುರಿದು ಬೇಸ್‌ಬಾಲ್ ಬಿಟ್ಟು ಟೊರಾಂಟೊದಲ್ಲಿ ಹೋಟೆಲ್ ನಡೆಸಲು ಕೂತ. ಮರುವರ್ಷವೇ, 1907ರಲ್ಲಿ, ಜೋ ಕೆಲ್ಲಿ ಎಂಬ ಹೊಸ ಮ್ಯಾನೇಜರ್ ಕೈಯಲ್ಲಿ ಅದೇ ತಂಡ ಕಡೆಯಿಂದ ಮೊದಲಿಗೆ ಹಾರಿತು! ಒಂದೇ ಚಳಿಗಾಲದ ಅಂತರ. 1912ರಲ್ಲಿ ಕೆಲ್ಲಿಯದೇ ನೇತೃತ್ವದಲ್ಲಿ ಇನ್ನೊಂದು ಪ್ರಶಸ್ತಿ.

ಈಗ ಪಟ್ಟಿಯಲ್ಲಿ 1914ರ ಸಾಲು. ಲೀಫ್ಸ್ ಪಾಲಿಗೆ ಅದೇನೂ ದೊಡ್ಡ ವರ್ಷವಲ್ಲ, ಕಣ್ಣು ಜಾರಿ ಮುಂದೆ ಹೋಗಿಬಿಡುತ್ತದೆ. ಆದರೆ ಆ ವರ್ಷದ ಸೆಪ್ಟೆಂಬರ್ 5ನ್ನು ನೋಡಿ. ಪ್ರಾವಿಡೆನ್ಸ್ ಗ್ರೇಸ್ ಎಂಬ ತಂಡ ಫೆರಿ ಹತ್ತಿ ದ್ವೀಪಕ್ಕೆ ಬಂದಿದೆ. ಅವರ ಪಿಚರ್ ಹತ್ತೊಂಬತ್ತು ವರ್ಷದ ಹುಡುಗ, ಎಡಗೈ. ಬಾಲ್ಟಿಮೋರಿನ ಸುಧಾರಣಾ ಶಾಲೆಯಲ್ಲಿ ಬೆಳೆದವನು. ಆರು ತಿಂಗಳ ಹಿಂದಷ್ಟೇ ಮೊದಲ ಸಲ ಸಂಬಳಕ್ಕೆ ಆಡಲು ಶುರುಮಾಡಿದವನು. ಬೋಸ್ಟನ್ ತಂಡ ಕೊಂಡುಕೊಂಡು, ಇನ್ನೂ ಪಳಗಲಿ ಎಂದು ಪ್ರಾವಿಡೆನ್ಸಿಗೆ ಕಳಿಸಿತ್ತು. ಆ ದಿನ ಟೊರಾಂಟೊದವರಿಗೆ ಅವನ ಚೆಂಡಿಗೆ ಬ್ಯಾಟು ತಾಗಿಸಿ ಬೇಸ್ ತಲುಪಲು ಸಾಧ್ಯವಾದದ್ದು ಒಂದೇ ಒಂದು ಸಲ. ಒಂದು ಹಿಟ್, ಸೊನ್ನೆ ರನ್! ಆರನೇ ಇನ್ನಿಂಗ್ಸಿನಲ್ಲಿ ಇಬ್ಬರು ಬೇಸ್ ಮೇಲಿದ್ದಾಗ ಹುಡುಗ ತಾನೇ ಬ್ಯಾಟು ಹಿಡಿದ. ಟೊರಾಂಟೊದ ಎಲ್ಲಿಸ್ ಜಾನ್ಸನ್ ಎಸೆದ. ಚೆಂಡು ಹೋದದ್ದೇ ಹೋದದ್ದು. ಸರೋವರಕ್ಕೇ ಬಿತ್ತು ಎನ್ನುವುದು ಟೊರಾಂಟೊದಲ್ಲಿ ಇಂದಿಗೂ ಹೇಳುವ ದಂತಕಥೆ. ಪ್ರಾವಿಡೆನ್ಸ್ 9, ಟೊರಾಂಟೊ 0.

ಆ ಹುಡುಗ ಬೇಬ್ ರೂತ್! ಮುಂದೆ ದೊಡ್ಡ ಲೀಗಿನಲ್ಲಿ 714 ಹೋಮ್ ರನ್ ಬಾರಿಸಿದ, ಬೇಸ್‌ಬಾಲ್ ಎಂದರೇನೆಂದು ಗೊತ್ತಿಲ್ಲದವರಿಗೂ ಹೆಸರು ಗೊತ್ತಿರುವ ಬೇಬ್ ರೂತ್. ವೃತ್ತಿಪರ ಆಟಗಾರನಾಗಿ ಅವನ ಮೊಟ್ಟಮೊದಲ ಹೋಮ್ ರನ್ ಅದು. ಮೈನರ್ ಲೀಗಿನಲ್ಲಿ ಅವನು ಹೊಡೆದ ಏಕೈಕ ಹೋಮ್ ರನ್ನೂ ಅದೇ. ನ್ಯೂಯಾರ್ಕಲ್ಲ, ಬೋಸ್ಟನ್ನಲ್ಲ, ಟೊರಾಂಟೊದ ಒಂದು ದ್ವೀಪದಲ್ಲಿ! ಅಲ್ಲಿ ಈಗ ಒಂದು ಫಲಕವಿದೆ. ಸ್ಟೇಡಿಯಂ ಕೆಡವಿ 1930ರ ದಶಕದ ಕೊನೆಗೆ ದ್ವೀಪದ ವಿಮಾನ ನಿಲ್ದಾಣ ಕಟ್ಟಿದರು. ಇಂದು ಅಲ್ಲಿಂದ ಮಾಂಟ್ರಿಯಲ್, ಒಟ್ಟಾವಾಗಳಿಗೆ ಹಾರುವವರು ಆ ಹಳೆಯ ಮೈದಾನದ ಆಸುಪಾಸಿನಲ್ಲೇ ನೆಲ ಬಿಡುತ್ತಾರೆ.

ಎಡ್ ಬ್ಯಾರೋನನ್ನು ನೆನಪಿಟ್ಟುಕೊಳ್ಳಿ ಎಂದೆನಲ್ಲ? 1918ರಲ್ಲಿ ಬೋಸ್ಟನ್ ತಂಡದ ಮ್ಯಾನೇಜರ್ ಆದವನು ಅವನೇ. ಎಡಗೈ ಪಿಚರ್ ಆಗಿದ್ದ ರೂತ್‌ನನ್ನು ದಿನಾ ಬ್ಯಾಟ್ ಮಾಡುವ ಆಟಗಾರನಾಗಿ ಬದಲಾಯಿಸಿದ್ದು ಅವನ ಕಾಲದಲ್ಲೇ. ಟೊರಾಂಟೊದಲ್ಲಿ ಹೋಟೆಲ್ ನಡೆಸುತ್ತಿದ್ದ ಮನುಷ್ಯ ಮತ್ತು ಟೊರಾಂಟೊದ ದ್ವೀಪದಲ್ಲಿ ಮೊದಲ ಹೋಮ್ ರನ್ ಹೊಡೆದ ಹುಡುಗ ಸೇರಿ ಬೇಸ್‌ಬಾಲಿನ ಆಕಾರವನ್ನೇ ಬದಲಿಸಿದರು.

1916: ಅರ್ಬನ್ ಶಾಕರ್ ಎಂಬ ಪಿಚರ್ ಟೊರಾಂಟೊ ಪರ ಸತತ 54 ಇನ್ನಿಂಗ್ಸಿಗೂ ಮಿಕ್ಕಿ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. 1917: ನೆಪೋಲಿಯನ್ ಲಾಜೊಯಿ. ದೊಡ್ಡ ಲೀಗಿನಲ್ಲಿ ಇಪ್ಪತ್ತೊಂದು ವರ್ಷ ಆಡಿ, ಮೂರು ಸಾವಿರಕ್ಕೂ ಹೆಚ್ಚು ಹಿಟ್ ಬಾರಿಸಿ, ಒಂದೇ ಒಂದು ಸಲವೂ ಲೀಗ್ ಪ್ರಶಸ್ತಿ ಕಾಣದ ಮಹಾನ್ ಆಟಗಾರ. ನಲವತ್ತೆರಡನೇ ವಯಸ್ಸಿನಲ್ಲಿ ಟೊರಾಂಟೊಗೆ ಬಂದ, ಆಟಗಾರನೂ ಅವನೇ, ಮ್ಯಾನೇಜರೂ ಅವನೇ. ಆ ವಯಸ್ಸಿನಲ್ಲಿ .380 ಸರಾಸರಿ, ಲೀಗಿಗೇ ಮೊದಲಿಗ! ಸಾವಿರ ಅವಕಾಶಕ್ಕೆ 380 ಹಿಟ್ ಎಂದರ್ಥ. ಬೇಸ್‌ಬಾಲಿನಲ್ಲಿ 300 ಬಂದರೇ ಒಳ್ಳೆಯ ಬ್ಯಾಟರ್. ಪ್ರಶಸ್ತಿಯೂ ಬಂತು. ಜೀವಮಾನವಿಡೀ ಕಾದ ಗೆಲುವು ಅವನಿಗೆ ಸಿಕ್ಕಿದ್ದು ಈ ಚಿಕ್ಕ ಲೀಗಿನ ಊರಲ್ಲಿ. ಮರುವರ್ಷ, 1918ರಲ್ಲಿ, ಡ್ಯಾನ್ ಹೌಲಿ ಕೈಯಲ್ಲಿ ಮತ್ತೆ ಪ್ರಶಸ್ತಿ.

ಈಗ ಸ್ಟೇಡಿಯಂ ರೋಡಿಗೆ ಬರೋಣ. 1926ರ ಏಪ್ರಿಲ್ 29. ಸಾಲ್ಮನ್ ತಂಡವನ್ನು ದ್ವೀಪದಿಂದ ದಡಕ್ಕೆ ತಂದ. ಬ್ಯಾಥರ್ಸ್ಟ್ ಬೀದಿಯ ಬುಡದಲ್ಲಿ ಇಪ್ಪತ್ತು ಸಾವಿರದಷ್ಟು ಜನ ಕೂರುವ ಮೇಪಲ್ ಲೀಫ್ ಸ್ಟೇಡಿಯಂ ಬಾಗಿಲು ತೆರೆಯಿತು. ಹೊಸ ಮನೆಗೆ ಕಾಲಿಟ್ಟ ಗಳಿಗೆ ಎಂಥದ್ದು ಅಂತೀರಿ! ಅದುವರೆಗೆ ಬಾಲ್ಟಿಮೋರ್ ಓರಿಯೋಲ್ಸ್ ಸತತ ಏಳು ವರ್ಷ, 1919ರಿಂದ 1925ರವರೆಗೆ, ಈ ಲೀಗನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಟೊರಾಂಟೊ ಆ ವರ್ಷ 109 ಪಂದ್ಯ ಗೆದ್ದು ಆ ಸರಪಳಿ ಕಡಿದು ಹಾಕಿತು. ಆಮೇಲೆ ಇನ್ನೊಂದು ಲೀಗಿನ ಚಾಂಪಿಯನ್ ಲೂಯಿವಿಲ್ ತಂಡದ ಜೊತೆ ಜೂನಿಯರ್ ವರ್ಲ್ಡ್ ಸೀರೀಸ್. ಐದಕ್ಕೆ ಐದೂ ಗೆಲುವು! ಲೂಯಿವಿಲ್ ಹೆಸರನ್ನೂ ಗಂಟು ಹಾಕಿಟ್ಟುಕೊಳ್ಳಿ, ಬೇಕಾಗುತ್ತದೆ.

ಈ ಕಾಲದ ಎರಡು ಹೆಸರುಗಳನ್ನು ನೋಡಿ. 1925ರಲ್ಲಿ ಟೊರಾಂಟೊ ಪರ ಆಡಿದವನು ಚಾರ್ಲಿ ಗೆಹ್ರಿಂಜರ್. 1926ರಲ್ಲಿ ಟೊರಾಂಟೊಗೆ ಪಿಚ್ ಮಾಡಿದವನು ಕಾರ್ಲ್ ಹಬ್ಬೆಲ್. ಒಬ್ಬ ಡೆಟ್ರಾಯಿಟ್‌ಗೆ ಹೋದ, ಇನ್ನೊಬ್ಬ ಕೊನೆಗೆ ನ್ಯೂಯಾರ್ಕ್ ಜೈಂಟ್ಸ್ ಸೇರಿದ. 1934ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಆಲ್ ಸ್ಟಾರ್ ಪಂದ್ಯ. ಬೇಸ್‌ಬಾಲ್ ಬಲ್ಲವರು ಇಂದಿಗೂ ಮೈಮರೆತು ಹೇಳುವ ಪ್ರಸಂಗ ಅದು: ಹಬ್ಬೆಲ್ ಎಸೆಯುತ್ತಿದ್ದಾನೆ. ಮೊದಲ ಬ್ಯಾಟರ್ ಗೆಹ್ರಿಂಜರ್ ಹಿಟ್ ಹೊಡೆದು ಬೇಸ್ ಸೇರಿದ. ಎರಡನೆಯವನೂ ಬೇಸ್ ಮೇಲೆ. ಆಮೇಲೆ ಹಬ್ಬೆಲ್ ಒಬ್ಬರ ಹಿಂದೊಬ್ಬರಂತೆ ಐವರನ್ನು ಸ್ಟ್ರೈಕ್ ಔಟ್ ಮಾಡಿದ, ಐವರೂ ಆ ಯುಗದ ದಿಗ್ಗಜರು. ಆ ಐವರಲ್ಲಿ ಮೊದಲನೆಯವನು ಬೇಬ್ ರೂತ್! ಅಂದರೆ ಆ ಅಮರ ಗಳಿಗೆಯಲ್ಲಿ ಚೆಂಡು ಎಸೆದವನು ಟೊರಾಂಟೊದಲ್ಲಿ ಪಳಗಿದವನು, ಬೇಸ್ ಮೇಲೆ ನಿಂತು ನೋಡುತ್ತಿದ್ದವನು ಟೊರಾಂಟೊದಲ್ಲಿ ಪಳಗಿದವನು, ಔಟಾದವನು ಟೊರಾಂಟೊದಲ್ಲಿ ಮೊದಲ ಹೋಮ್ ರನ್ ಹೊಡೆದವನು. ಇದನ್ನು ಜೋಡಿಸಿ ನೋಡಿದಾಗ ನನಗೆ ಮೈ ಜುಮ್ಮೆಂದಿತು. ಅದೇ 1934ರಲ್ಲಿ ಲೀಫ್ಸ್ ತಂಡ ಐಕ್ ಬೂನ್ ಕೈಯಲ್ಲಿ ಲೀಗಿನ ಪ್ಲೇಆಫ್ ಟ್ರೋಫಿಯಾದ ಗವರ್ನರ್ಸ್ ಕಪ್ ಗೆದ್ದಿತು ಎನ್ನುವುದು ಕೊಸರು.

ಯುದ್ಧದ ವರ್ಷಗಳ ಸಾಲುಗಳಲ್ಲಿ ಹೆಚ್ಚಿನ ಸಂಭ್ರಮವಿಲ್ಲ, 1943ರ ಪ್ರಶಸ್ತಿಯೊಂದನ್ನು ಬಿಟ್ಟರೆ. ಆದರೆ ಫಿಲ್ ಮಾರ್ಚಿಲ್ಡನ್‌ನನ್ನು ಬಿಟ್ಟು ಮುಂದೆ ಹೋಗಲಾರೆ. ಒಂಟಾರಿಯೊದ ಪೆನೆಟಾಂಗ್ವಿಶೀನ್ ಊರಿನ ಈ ಹುಡುಗ ಲೀಫ್ಸ್ ಪರ ಎಸೆದು ಫಿಲಡೆಲ್ಫಿಯಾ ತಂಡಕ್ಕೆ ಹೋದ, ಅಲ್ಲಿಂದ ಕೆನಡಾದ ವಾಯುಪಡೆ ಸೇರಿದ. 1944ರಲ್ಲಿ ಅವನಿದ್ದ ಬಾಂಬರ್ ವಿಮಾನ ಉರುಳಿತು; ಜರ್ಮನರ ಯುದ್ಧಕೈದಿಗಳ ಶಿಬಿರದಲ್ಲಿ ತಿಂಗಳುಗಟ್ಟಲೆ ಕಳೆದ. ಬಿಡುಗಡೆಯಾಗಿ ಬಂದು 1947ರಲ್ಲಿ ದೊಡ್ಡ ಲೀಗಿನಲ್ಲಿ 19 ಪಂದ್ಯ ಗೆದ್ದ! ಆ ಶಿಬಿರದಿಂದ ಬಂದ ದೇಹದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ.

1950ರವರೆಗೆ ಟೊರಾಂಟೊದಲ್ಲಿ ಭಾನುವಾರ ಟಿಕೆಟ್ ಇಟ್ಟು ಆಟ ಆಡಿಸುವಂತಿರಲಿಲ್ಲ, ಅಷ್ಟು ಮಡಿವಂತ ಊರು. ಆ ವರ್ಷದ ಜನವರಿಯಲ್ಲಿ ಜನಮತ ತೆಗೆದು ಭಾನುವಾರದ ಆಟಕ್ಕೆ ಬಾಗಿಲು ತೆರೆದರು. 1951ರಲ್ಲಿ ತಂಡ ಕೊಂಡುಕೊಂಡವನು ಜ್ಯಾಕ್ ಕೆಂಟ್ ಕುಕ್. ಹಳೆಯ ವಿಶ್ವಕೋಶ ಮಾರಾಟಗಾರ, ಆಗ ರೇಡಿಯೊ ಸ್ಟೇಷನ್ ಒಡೆಯ, ಮುಂದೆ ಲಾಸ್ ಏಂಜಲಿಸ್ ಲೇಕರ್ಸ್ ಒಡೆಯನಾದ ಅದೇ ಕುಕ್. ಸ್ಟೇಡಿಯಮ್ಮಿಗೆ ಜೀವ ತುಂಬಿದ. ಉಡುಗೊರೆ, ಮನರಂಜನೆ, ಹೆಸರುವಾಸಿ ನಟರು, ಏನುಂಟು ಏನಿಲ್ಲ! 1952ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಟೊರಾಂಟೊದಲ್ಲಿ ಪಂದ್ಯ ನೋಡಿದರು. ಅದೇ ವರ್ಷ ದೊಡ್ಡ ಲೀಗಿನ ಬೋಸ್ಟನ್ ಬ್ರೇವ್ಸ್ ತಂಡದ ಆಟ ನೋಡಲು ಬಂದವರು ಮೂರು ಲಕ್ಷವೂ ಇಲ್ಲ! ಬ್ರೇವ್ಸ್ ಬೋಸ್ಟನ್ ಬಿಟ್ಟು ಓಡಿತು. ಮೈನರ್ ಲೀಗಿನ ಟೊರಾಂಟೊ ಕುಣಿಯುತ್ತಿತ್ತು.

1954, 1956, 1957, 1960: ನಾಲ್ಕು ಸಲ ಮೊದಲ ಸ್ಥಾನ. 1954ರ ತಂಡದ ಕ್ಯಾಚರ್ ಎಲ್ಸ್ಟನ್ ಹೋವರ್ಡ್. ಸರಾಸರಿ .330, ಲೀಗಿನ ಅತ್ಯುತ್ತಮ ಆಟಗಾರ. ಮರುವರ್ಷ ನ್ಯೂಯಾರ್ಕ್ ಯಾಂಕೀಸ್ ಅಂಗಿ ತೊಟ್ಟ ಮೊಟ್ಟಮೊದಲ ಕರಿಯ ಆಟಗಾರ ಇವನೇ. 1887ರಲ್ಲಿ ಬಾಗಿಲು ಹಾಕಿದ ಲೀಗಿನಲ್ಲಿ ಟೊರಾಂಟೊದ ಅಂಗಿ ತೊಟ್ಟು ಕಿರೀಟ ಗೆದ್ದು, ಎಲ್ಲಕ್ಕಿಂತ ಗರ್ವದ ತಂಡದ ಬಾಗಿಲನ್ನು ತೆರೆಸಿದ ಮನುಷ್ಯ. ಕುಕ್ ಕನಸು ಮಾತ್ರ ಇನ್ನೂ ದೊಡ್ಡದು, ಟೊರಾಂಟೊಗೆ ದೊಡ್ಡ ಲೀಗ್ ತರಬೇಕು. 1959ರಲ್ಲಿ ಘೋಷಣೆಯಾದ ಕಾಂಟಿನೆಂಟಲ್ ಲೀಗಿನ ಸ್ಥಾಪಕ ಊರುಗಳಲ್ಲಿ ಟೊರಾಂಟೊವೂ ಒಂದು. ಒಂದು ಪಂದ್ಯವನ್ನೂ ಆಡದೆ ಆ ಲೀಗ್ ಮರುವರ್ಷ ಮುಚ್ಚಿತು. ಕುಕ್ ಅಮೆರಿಕಕ್ಕೆ ಹೊರಟುಹೋದ.

ಕೊನೆಯ ವರ್ಷಗಳ ಸಾಲುಗಳಲ್ಲಿ ಮ್ಯಾನೇಜರ್ ಕಾಲಂ ನೋಡಿ. 1964: ಸ್ಪಾರ್ಕಿ ಆಂಡರ್ಸನ್. ಮೂವತ್ತೇ ವರ್ಷದವನು, ನಾಲ್ಕು ವರ್ಷ ಇದೇ ತಂಡದಲ್ಲಿ ಆಡಿದವನು. ಇವನಲ್ಲಿ ನಾಯಕನಿದ್ದಾನೆ ಎಂದು ಗುರುತಿಸಿ ಹುದ್ದೆ ಕೊಟ್ಟವನು ಕುಕ್. 1965, 1966: ಡಿಕ್ ವಿಲಿಯಮ್ಸ್. ಎರಡೂ ವರ್ಷ ಗವರ್ನರ್ಸ್ ಕಪ್ ಗೆದ್ದ. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂತವರು. ಈಗ ಆರು ವರ್ಷ ಮುಂದೆ ಹೋಗಿ. 1972ರ ವರ್ಲ್ಡ್ ಸೀರೀಸ್, ಬೇಸ್‌ಬಾಲಿನ ಪರಮೋಚ್ಚ ಫೈನಲ್: ಒಂದು ಕಡೆ ಸಿನ್ಸಿನಾಟಿ, ಮ್ಯಾನೇಜರ್ ಸ್ಪಾರ್ಕಿ ಆಂಡರ್ಸನ್. ಇನ್ನೊಂದು ಕಡೆ ಓಕ್ಲೆಂಡ್, ಮ್ಯಾನೇಜರ್ ಡಿಕ್ ವಿಲಿಯಮ್ಸ್! ಏಳನೇ ಪಂದ್ಯದವರೆಗೆ ಎಳೆದು ಗೆದ್ದವನು ವಿಲಿಯಮ್ಸ್. ಇನ್ನೂ ಹನ್ನೆರಡು ವರ್ಷ ಮುಂದೆ, 1984: ಡೆಟ್ರಾಯಿಟ್ ಕಡೆ ಆಂಡರ್ಸನ್, ಸ್ಯಾನ್ ಡಿಯಾಗೊ ಕಡೆ ಮತ್ತೆ ವಿಲಿಯಮ್ಸ್! ಈ ಸಲ ಗೆದ್ದವನು ಆಂಡರ್ಸನ್. ಎರಡೆರಡು ಸಲ ಬೇಸ್‌ಬಾಲ್ ಲೋಕದ ಶಿಖರದಲ್ಲಿ ಎದುರುಬದುರಾದದ್ದು ಟೊರಾಂಟೊದ ಕೊನೆಯ ವರ್ಷಗಳ ಇಬ್ಬರು ಮ್ಯಾನೇಜರುಗಳು.

ಅಷ್ಟು ಪ್ರತಿಭೆ ಇದ್ದೂ ಜನ ಬರುತ್ತಿರಲಿಲ್ಲ. ಮನೆಮನೆಗೆ ಟಿವಿ ಬಂದು ದೊಡ್ಡ ಲೀಗಿನ ಆಟ ತೋರಿಸುತ್ತಿತ್ತು, ಸ್ಟೇಡಿಯಂ ಹಳತಾಗಿತ್ತು. ಕುಕ್ ಕೈಬಿಟ್ಟ ಮೇಲೆ ಊರಿನವರೇ ಷೇರು ಹಾಕಿ ತಂಡ ಉಳಿಸಲು ನೋಡಿದರು. 1967 ಕೆನಡಾಕ್ಕೆ ನೂರು ತುಂಬಿದ ವರ್ಷ. ಮೇ ತಿಂಗಳಲ್ಲಿ ಹಾಕಿಯ ಮೇಪಲ್ ಲೀಫ್ಸ್ ಸ್ಟ್ಯಾನ್ಲಿ ಕಪ್ ಗೆದ್ದಿತು, ಇಂದಿನವರೆಗೂ ಅವರದು ಅದೇ ಕೊನೆಯ ಕಪ್. ಅದೇ ವರ್ಷದ ಸೆಪ್ಟೆಂಬರ್ 4ರಂದು ಬೇಸ್‌ಬಾಲಿನ ಮೇಪಲ್ ಲೀಫ್ಸ್ ತನ್ನ ಕೊನೆಯ ಪಂದ್ಯ ಆಡಿತು. ಇಪ್ಪತ್ತು ಸಾವಿರ ಜನ ಕೂರುವ ಜಾಗದಲ್ಲಿ ಇದ್ದವರು 802 ಮಂದಿ. ಹಿಂದಿನ ವರ್ಷದವರೆಗೆ ಇಲ್ಲಿದ್ದ ಡಿಕ್ ವಿಲಿಯಮ್ಸ್ ಅದೇ ಶರತ್ಕಾಲದಲ್ಲಿ ಬೋಸ್ಟನ್ ತಂಡವನ್ನು ಕೆಳಗಿನಿಂದೆತ್ತಿ ವರ್ಲ್ಡ್ ಸೀರೀಸಿಗೆ ಕೊಂಡೊಯ್ದಿದ್ದ. ತಂಡ ಮಾರಾಟವಾಯಿತು. ಕೊಂಡವರು ಅದನ್ನು ಎಲ್ಲಿಗೆ ಒಯ್ದರು? ಲೂಯಿವಿಲ್‌ಗೆ! 1926ರಲ್ಲಿ ಟೊರಾಂಟೊ ಐದಕ್ಕೆ ಐದು ಸೋಲಿಸಿದ ಅದೇ ಊರಿಗೆ. 1968ರಲ್ಲಿ ಸ್ಟೇಡಿಯಮ್ಮನ್ನೂ ಕೆಡವಿದರು.

ಪಟ್ಟಿ ಇಲ್ಲಿಗೆ ಮುಗಿಯಿತು ಎನ್ನಿಸುತ್ತದೆ. ಮುಗಿದಿಲ್ಲ! ಲೂಯಿವಿಲ್‌ನಿಂದ ಆ ತಂಡ 1973ರಲ್ಲಿ ರೋಡ್ ಐಲೆಂಡಿನ ಪಾಟಕೆಟ್‌ಗೆ ಹೋಯಿತು. 1981ರ ಏಪ್ರಿಲ್ 18ರ ಸಂಜೆ ಅಲ್ಲಿ ರಾಚೆಸ್ಟರ್ ವಿರುದ್ಧ ಒಂದು ಪಂದ್ಯ ಶುರುವಾಯಿತು. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದ ಆಟ ಮುಗಿಯಲೊಲ್ಲದು. ಮಧ್ಯರಾತ್ರಿ ದಾಟಿತು, ಚಳಿಗೆ ಆಟಗಾರರು ಮುರಿದ ಬ್ಯಾಟುಗಳನ್ನೇ ಪೀಪಾಯಿಯಲ್ಲಿ ಉರಿಸಿ ಕೈ ಕಾಯಿಸಿಕೊಂಡರು. ಬೆಳಗಿನ ಜಾವ ನಾಲ್ಕು ದಾಟಿದ ಮೇಲೆ, 32 ಇನ್ನಿಂಗ್ಸ್ ಆದ ಮೇಲೆ, ನಿಲ್ಲಿಸಿದರು. ಗ್ಯಾಲರಿಯಲ್ಲಿ ಉಳಿದಿದ್ದವರು 19 ಜನ. ಜೂನ್ 23ರಂದು ಮತ್ತೆ ಮುಂದುವರಿಸಿ 33ನೇ ಇನ್ನಿಂಗ್ಸಿನಲ್ಲಿ ಪಾಟಕೆಟ್ ಗೆದ್ದಿತು. ವೃತ್ತಿಪರ ಬೇಸ್‌ಬಾಲಿನ ಅತಿ ದೀರ್ಘ ಪಂದ್ಯ ಅದು. ಆಡಿದವರಲ್ಲಿ ಮುಂದೆ ದಿಗ್ಗಜರಾದ ಇಬ್ಬರು, ಒಂದು ಕಡೆ ವೇಡ್ ಬಾಗ್ಸ್, ಇನ್ನೊಂದು ಕಡೆ ಕ್ಯಾಲ್ ರಿಪ್ಕೆನ್. ಗೆದ್ದ ತಂಡದ ಮೂಲ ಟೊರಾಂಟೊ! 2021ರಿಂದ ಅದೇ ತಂಡ ಮ್ಯಾಸಚೂಸೆಟ್ಸಿನ ವೂಸ್ಟರ್‌ನಲ್ಲಿ ಆಡುತ್ತಿದೆ.

ಟೊರಾಂಟೊದ ಬೇಸ್‌ಬಾಲ್ 1977ರ ಏಪ್ರಿಲ್ 7ರಂದು, ಹಿಮ ಬೀಳುತ್ತಿದ್ದ ಮೈದಾನದಲ್ಲಿ ಬ್ಲೂ ಜೇಸ್ ಆಡಿದಾಗ ಶುರುವಾಯಿತು ಎಂದು ನಮ್ಮಲ್ಲಿ ಬಹಳ ಮಂದಿ ಅಂದುಕೊಂಡಿದ್ದಾರೆ. ಕುಂಬ್ಳೆ, ದ್ರಾವಿಡ್, ವೆಂಕಟೇಶ್ ಪ್ರಸಾದ್ ಸಹಾರಾ ಕಪ್ಪಿಗೆ ಬಂದು ಆಡಿದ ಊರು ಎಂಬುದನ್ನು ನಾವು ಮರೆತಿಲ್ಲ. ಅದೇ ಊರಿನ ಈ ಹಳೆಯ ತಂಡದ ನೆನಪು ಮಾತ್ರ ಎರಡು ರಸ್ತೆ, ಒಂದು ಫಲಕಕ್ಕೆ ಇಳಿದಿದೆ.

ಆದರೆ ಹೆಸರು ಸತ್ತಿಲ್ಲ. ತಂಡ ಊರು ಬಿಟ್ಟ ಎರಡೇ ವರ್ಷಕ್ಕೆ, 1969ರಲ್ಲಿ, ಜ್ಯಾಕ್ ಡೊಮಿನಿಕೊ ಎಂಬವರು ಅದೇ ಹೆಸರಲ್ಲಿ ಹೊಸ ತಂಡ ಕಟ್ಟಿದರು. ಅದು ಸೇರಿದ್ದು ಇಂಟರ್‌ಕೌಂಟಿ ಲೀಗ್, ಇನ್ನೂ ಚಿಕ್ಕದು. 2022ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ತಂಡವನ್ನು ಬಿಡಲಿಲ್ಲ. ಮೈದಾನ ಬ್ಲೋರ್ ಬೀದಿಯ ಕ್ರಿಸ್ಟಿ ಪಿಟ್ಸ್, ಹಿಂದೆ ಮರಳು ತೆಗೆದು ಬಿಟ್ಟ ಹಳ್ಳ. 1933ರ ಆಗಸ್ಟಿನಲ್ಲಿ ಒಂದು ಬೇಸ್‌ಬಾಲ್ ಪಂದ್ಯದ ಕೊನೆಗೆ ಕೆಲವರು ಸ್ವಸ್ತಿಕ ಬಿಡಿಸಿದ ಬಟ್ಟೆ ಎತ್ತಿ ಯಹೂದಿ ಹುಡುಗರನ್ನು ಕೆಣಕಿ, ಗಂಟೆಗಟ್ಟಲೆ ದೊಡ್ಡ ಗಲಭೆಯೇ ನಡೆದ ಜಾಗವೂ ಅದೇ. 2025ರ ಮೇ ತಿಂಗಳಲ್ಲಿ ಜಪಾನಿನ ಅಯಾಮಿ ಸಾಟೊ ಎಂಬ ಮಹಿಳೆ ಅಲ್ಲಿ ಗಂಡಸರ ಎದುರು ಈ ತಂಡದ ಪಿಚರ್ ಆಗಿ ಚೆಂಡು ಎಸೆದಳು!

ಟೊರಾಂಟೊಗೆ ಮಗನ ಮನೆಗೋ ಮಗಳ ಮನೆಗೋ ಬೇಸಿಗೆಗೆ ಬರುವವರೇ, ನಯಾಗರ ನೋಡಿ, ಸಿಎನ್ ಟವರ್ ಹತ್ತಿ. ಒಂದು ಮಧ್ಯಾಹ್ನ ಮಾತ್ರ ಕ್ರಿಸ್ಟಿ ಸಬ್‌ವೇ ಸ್ಟೇಷನ್ನಿನಲ್ಲಿ ಇಳಿದುಬಿಡಿ, ರಸ್ತೆ ದಾಟಿದರೆ ಮೈದಾನ. ಟಿಕೆಟ್ ಕೊಳ್ಳದೆ ಹುಲ್ಲಿನ ಇಳಿಜಾರಿನಲ್ಲಿ ಕೂತು ಆಟ ನೋಡುವುದು ಅಲ್ಲಿ ದಶಕಗಳಿಂದ ನಡೆದುಬಂದ ರೂಢಿ. ಕೂರಲು ಒಂದು ಜಮಖಾನೆ ಒಯ್ಯಿರಿ, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ.